ಇಂಟು ಮಾರ್ಕಿನ ಮಂಡಿನೋವು

ಅಜ್ಜೀ,

ಮಂಡಿ ಹೇಗಿದೆ? ಅಲ್ಲಿಯೂ ಅದರ ಸುದ್ದಿ ಹೇಳಿ ಹೇಳಿ ಎಲ್ಲರ ತಲೆ ತಿನ್ನುತ್ತಿದ್ದೀಯಾ?

ಹನಗೋಡಿನಲ್ಲಿ ಕೀಲುನೋವಿನ ಕ್ಯಾಂಪು ನಡೆದದ್ದು ನೆನಪಿದೆಯಲ್ಲ. ಮಾತ್ರೆಯ ಜೊತೆ ಒಂದು ಚಿತ್ರದ ಹಾಳೆ ಕೊಟ್ಟರು. ಕೊಡ ಹೊರುವ, ಕುಕ್ಕರುಗಾಲಲ್ಲಿ ಕೂರುವ, ಮೆಟ್ಟಿಲು ಹತ್ತುವ ಚಿತ್ರಗಳ ಮೇಲೆ ಕೆಂಪು ಇಂಟು ಮಾರ್ಕು, ಕೆಳಗೆ ಅಕ್ಷರ. ಓದಿ ಹೇಳಲಾ ಎಂದರೆ ನೀನು ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಓದಕ್ಕೇನೈತೆ ಅದ್ರಲ್ಲಿ? ಬೊಂಬೆ ಕಾಣಾಕಿಲ್ವಾ ನಂಗೆ?" ಎಂದೆ. ಅಂದಿನಿಂದ ಶುರುವಾಯಿತು. ಕೊಡ ಹೊತ್ತೆ. ಕುಕ್ಕರುಗಾಲಲ್ಲಿ ಕೂತೆ. ನಮ್ಮ ಮನೆಗೆ ಮೆಟ್ಟಿಲಿಲ್ಲವೆಂದು ಪಕ್ಕದ ಮನೆಯ ಮಹಡಿ ಹತ್ತಿ ಇಳಿದೆ. ಈ ಮುದುಕಿಗೆ ನಮ್ಮ ಮಹಡಿಯಲ್ಲಿ ಏನು ಕೆಲಸ ಎಂದು ಅವರು ಮಹಡಿಯ ಬಾಗಿಲಿಗೆ ಬೀಗ ಹಾಕಿಕೊಂಡರು.

ಮುಂದಿನ ಕ್ಯಾಂಪಿನ ಹೊತ್ತಿಗೆ ನಿನ್ನ ಮಂಡಿ ಊದಿ ಎಳೆ ಹಲಸಿನಕಾಯಿಯಷ್ಟಾಗಿತ್ತು. ಏನು ಮಾಡಿದಿರಿ ಎಂದು ಡಾಕ್ಟರು ಕೇಳಿದರೆ, ಅವರ ಮುಂದೆಯೇ ಕುಕ್ಕರುಗಾಲಲ್ಲಿ ಕೂತು ತೋರಿಸಿದೆ. ಏಳಲಾಗಲಿಲ್ಲ. ನಾನೂ ಡಾಕ್ಟರೂ ಸೇರಿ ಎತ್ತಿದೆವು.

"ಇಂಟು ಹಾಕಿರೋದನ್ನ ಮಾಡಬಾರದು ಅಜ್ಜಿ," ಎಂದರು ಅವರು.

"ಚೆಂದಾಗೇಳ್ತೀರಿ ಬುಡಿ ಸ್ವಾಮಿ. ಪಂಚಾಯ್ತಿ ಓಟಲ್ಲಿ ಇಂಥ ಮುದ್ರೆ ಬಿದ್ದಿದ್ದೇ ತಾನೆ ಗೆಲ್ಲೋದು? ಮುದ್ರೆ ಇಲ್ದಿದ್ದನ್ನ ಯಾರಾದ್ರೂ ಆರಿಸ್ತಾರಾ?"

ಡಾಕ್ಟರು ಕನ್ನಡಕ ತೆಗೆದು ನಕ್ಕರು. ನೀನು ನಗಲಿಲ್ಲ. ಆದರೂ ಆಮೇಲೆ ಮುದ್ರೆ ಇಲ್ಲದ್ದನ್ನೇ ಮಾಡತೊಡಗಿದೆ. ಊತ ಇಳಿಯಿತು. ಇನ್ನೇನು ಹೊಗೆಸೊಪ್ಪನ್ನು ಕೋಲಿಗೆ ಕಟ್ಟುವ ಕೂಲಿಗೆ ಹೋಗಬಹುದು ಅನ್ನುವಷ್ಟರಲ್ಲಿ ಆ ಜ್ವರ ಬಂದು...

ಇರಲಿ. ನೀನು ಹೋದ ಮೇಲಿನ ಸುದ್ದಿ ಕೇಳು. ಸೊಪ್ಪು ಕಟ್ಟುವ ಸಾಲಿನಲ್ಲಿ ನಿನ್ನ ಪಕ್ಕ ಕೂತು ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದಳಲ್ಲ ದೇವೀರಜ್ಜಿ, ಅವಳ ಮಂಡಿಯೂ ಹಿಡಿದುಕೊಂಡಿತು. ಸೊಪ್ಪು ಕಟ್ಟುವ ಚಪ್ಪರದವರೆಗೆ ನಡೆಯಲಾಗದೆ ಮನೆಯಲ್ಲೇ ಉಳಿದಳು. ನೋವನ್ನಾದರೂ ತಡೆದಾಳು, ಸುದ್ದಿ ಸಿಗದೆ ಹೇಗೆ ಬದುಕಿಯಾಳು? ನೋಡಲು ಹೋದರೆ ಕ್ಯಾಂಪಿನಲ್ಲಿ ಕೊಟ್ಟ ಅಂಥದೇ ಹಾಳೆಯನ್ನು ಮುಂದಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಾಳೆ.

ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು, "ಏಳಜ್ಜಿ ಮೇಲೆ," ಎಂದು ಗದರಿಬಿಟ್ಟೆ.

"ನಿಮ್ಮಜ್ಜಿ ಇಂಗೇ ಮಾಡ್ತಿದ್ಲು ಕಣ್ ಮಗ. ಅವ್ಳೇ ಯೋಳ್ಕೊಟ್ಟಿದ್ದು."

ಪಾಠ ಹೇಳಿಕೊಟ್ಟಿದ್ದೇನೋ ಆಯಿತು, ಅದು ತಪ್ಪೆಂದು ಗೊತ್ತಾದ ಮೇಲೆ ತಿದ್ದಬಾರದಿತ್ತೇ ನೀನು?

ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಕೊನೆಗೆ ಪ್ರತಿ ಇಂಟುವಿನ ಕೆಳಗಿದ್ದ ಎರಡಕ್ಷರದ ಮೇಲೆ ಅವಳ ಬೆರಳಿಟ್ಟು ಓದಿಸಿದೆ. ಬೇ. ಡ. ಐದನೇ ಕ್ಲಾಸಿನವರೆಗೆ ಕಲಿತ ನನಗೆ ಅಷ್ಟು ಕಲಿಸಲು ಕಷ್ಟವೇನೂ ಆಗಲಿಲ್ಲ. ಅವಳಿಗೆ ಮಾತ್ರ ಹಬ್ಬ. ಸೊಸೆ ಬಂದು ಒಂದು ಕೊಡ ನೀರು ತರುತ್ತೀರಾ ಎಂದರೆ ಹಾಳೆಯನ್ನು ಅವಳ ಮುಖಕ್ಕೆ ಹಿಡಿದು, "ಬೇಡ ಅಂತ ಬರ್ದೈತೆ ಕಣವ್ವ. ಓದ್ಕೊ," ಅನ್ನುತ್ತಾಳೆ. ಸೊಸೆಗೆ ನನ್ನ ಮೇಲೆ ಸಿಟ್ಟು.

ಈ ವರ್ಷ ಸೊಪ್ಪು ಕಟ್ಟುವ ಮೊದಲ ದಿನ ದೇವೀರಜ್ಜಿ ತಾನೇ ನಡೆದು ಬಂದಳು. ಹಿಂದೆ ನಾನು, ತಲೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ. "ಏನಮ್ಮಿ, ಅಧ್ಯಕ್ಷರು ಭಾಷಣ ಮಾಡ್ತಾರಾ?" ಎಂದು ನೆಲದ ಮೇಲಿದ್ದವರು ಕಿಚಾಯಿಸಿದರು.

"ಭಾಷಣ ಆಮೇಕೆ. ನಾನಿಲ್ದಾಗ ಯಾರ್ಯಾರ್ ಬಗ್ಗೆ ಏನೇನ್ ಆಡ್ಕೊಂಡ್ರಿ, ಒಂದೊಂದೇ ಯೋಳ್ತಾ ಬನ್ನಿ," ಎಂದು ಕುರ್ಚಿಯಲ್ಲಿ ಕೂತು ಸೊಪ್ಪಿಗೆ ಕೈ ಹಾಕಿದಳು.

ಎಲ್ಲವನ್ನೂ ಹೇಳಿದರು ಅಜ್ಜಿ. ನಿನ್ನ ಬಗ್ಗೆಯೂ ಹೇಳಿದರು. ನಕ್ಕು ನಕ್ಕು ನನ್ನ ಕೈಯಲ್ಲಿದ್ದ ಸೊಪ್ಪಿನ ಕೋಲು ಜಾರಿತು. ಏನೆಂದು ಬರೆಯಲು ನನಗೆ ನಾಚಿಕೆ. ದೇವೀರಜ್ಜಿಯೇ ಬಂದು ಹೇಳಬೇಕು. ಆದರೆ ಈಗ ಅವಳ ನಡಿಗೆ ನೋಡಿದರೆ, ಸದ್ಯಕ್ಕೆ ಆ ಕಡೆ ಬರುವ ಹಾಗೆ ಕಾಣುವುದಿಲ್ಲ.

ನಿನ್ನ ಮೊಮ್ಮಗಳು