ಕಾಳಕ್ಕನ ಕುತ್ತಿಗೆ ನೋವು

ಜೂನ್ 9, ಸೋಮವಾರ

ಕ್ಲಿನಿಕ್ ತುಂಬಾ ನೆಗಡಿ, ಜ್ವರ, ಬಿಪಿ. ಇಡೀ ಬಾಗೂರಿಗೆ ಸೂಜಿ ಬೇಕು. ಬರೀ ಮಾತ್ರೆ ಕೊಟ್ರೆ ನನ್ನ ಡಿಗ್ರಿ ಮೇಲೇ ಡೌಟು. ಕುರಿ ಸಾಕೋ ಕಾಳಕ್ಕ ಮತ್ತೆ ಬಂದಿದ್ರು, ಗಂಡ ಗೋವಿಂದಪ್ಪನ ಜೊತೆ. ಇವತ್ತು ಕುತ್ತಿಗೆ ನೋವಂತೆ. ಹೋದ ವಾರ ಹೊಟ್ಟೆ ಉರಿ. ಅದಕ್ಕೂ ಮುಂಚೆ ತಲೆಸುತ್ತು. ರಕ್ತ, ಶುಗರ್, ಥೈರಾಯ್ಡ್ — ಎಲ್ಲಾ ನಾರ್ಮಲ್. ರೇಗಿತು. ಏನೂ ಇಲ್ಲ ಹೋಗ್ರಿ ಅನ್ನೋಳಿದ್ದೆ. ಸುಮ್ನೆ, ಈ ಸಲ ಮರಿ ಹೆಂಗವೆ ಅಂದೆ.

"ಅವೆ" ಅಂದ್ರು. ಅಷ್ಟೇ.

ಒಂದು ಮರಿ ಕೆಮ್ಮಿದ್ರೆ ಅದರ ಅಜ್ಜಿ ಕಾಲದಿಂದ ಕಥೆ ಹೇಳೋ ಹೆಂಗಸು! ಕುತ್ತಿಗೆ ನೋವಿನ ಮಾತು ಬಿಟ್ಟೆ. ಗೋವಿಂದಪ್ಪನ್ನ ಹೊರಗೆ ಕೂರಿಸಿ ನಿದ್ದೆ, ಊಟ, ಅಳು ಎಲ್ಲಾ ಕೇಳಿದೆ. ಸಾಯೋ ಯೋಚನೆ ಬರ್ತೈತಾ ಅಂತಲೂ ಕೇಳಿದೆ.

"ಸಾಯಾಕಲ್ಲ ಡಾಕ್ಟ್ರಮ್ಮ. ಬೆಳಗ್ಗೆ ಏಳಾಕೇ ಮನಸಿಲ್ಲ."

ಡಿಪ್ರೆಶನ್. ಮಾತ್ರೆ ಬರೆದೆ. ಗುಣ ಕಾಣೋಕೆ ಮೂರ್ನಾಲ್ಕು ವಾರ ಬೇಕು, ನಡುವೆ ಬಿಡಬ್ಯಾಡ್ರಿ ಅಂದೆ. ಸೂಜಿ ಇಲ್ವಾ ಅಂದ್ರು...

ಜೂನ್ 17

ಕಾಳಕ್ಕ ಮಾತ್ರೆ ಬಿಟ್ಟಿದ್ದಾರೆ. ಪಕ್ಕದ ಮನೆ ಏಕನಾಥಮ್ಮ ಅದು ಹುಚ್ಚಿನ ಮಾತ್ರೆ ಅಂದ್ರಂತೆ — ನಮ್ಮ ನರ್ಸ್ ನೇತ್ರಾವತಿ ತಂದ ಸುದ್ದಿ. ಮೈಯೆಲ್ಲ ಉರಿದುಹೋಯ್ತು. ಸಂಜೆ ಸ್ಕೂಟಿ ಹತ್ತಿ ಹೋದೆ. ಏಕನಾಥಮ್ಮ ಅಲ್ಲೇ ಇದ್ರು, ನನಗೇ ಬುದ್ಧಿ ಹೇಳೋಕೆ ನಿಂತ್ರು. ಕಾಳಕ್ಕ ಗೋಡೆ ನೋಡ್ತಾ ಕೂತಿದ್ರು. ಆಗ ಗೋವಿಂದಪ್ಪ ಮೆಲ್ಲಗೆ ಬಾಯಿಬಿಟ್ರು.

"ಮಾತ್ರೆ ನಾನೇ ಕೊಡ್ತೀನ್ರಿ. ಈಕೆ ಕೈಲಿ ಬೈಸ್ಕಂಡು ಎಷ್ಟು ದಿನ ಆತು."

ಜಗಳಕ್ಕೆ ಹೋದವಳು ಟೀ ಕುಡಿದು ಬಂದೆ.

ಜುಲೈ 14

ಕಾಳಕ್ಕ ಇವತ್ತು ಕ್ಯೂನಲ್ಲಿ ಇಬ್ಬರ ಮೇಲೆ ರೇಗಾಡಿದ್ರು. ಎಂಥ ಖುಷಿ ನನಗೆ! ನಿದ್ದೆ ಬರ್ತೈತಂತೆ. ನನ್ನ ಅಕ್ಷರ ಕೋಳಿ ಕೆದರಿದಂಗೈತಂತೆ. ಇನ್ನೂ ಕೆಲವು ತಿಂಗಳು ಮಾತ್ರೆ ತಗೋಬೇಕು ಅಂದಾಗ ಮಾತ್ರ ಮುಖ ಹುಳ್ಳಗೆ ಮಾಡಿದ್ರು.

ಆಗಸ್ಟ್ 6, ಮಧ್ಯಾಹ್ನ

ಊಟದ ಡಬ್ಬಿ ಬಿಚ್ಚಿದ್ದೆ. ಕಾಳಕ್ಕ ನುಗ್ಗಿದ್ರು, ಏಕನಾಥಮ್ಮನ ಕೈ ಹಿಡ್ಕೊಂಡು. ಏಕನಾಥಮ್ಮ ಮಂಡಿ ನೋವು ಅಂತ ಶುರು ಮಾಡಿದ್ರು. ಕಾಳಕ್ಕ ಬಿಡಲಿಲ್ಲ.

"ಮಂಡಿ ಆಮ್ಯಾಕೆ ನೋಡ್ರಿ. ತಿಂಗಳಾತು, ಈಕೆ ಯಾರ ಮನೆ ವಿಷಯಕ್ಕೂ ಬಂದಿಲ್ಲ."

ನಗು ಬಂತು. ಏಕನಾಥಮ್ಮನ ಮುಖ ನೋಡಿದೆ, ನಿಂತಿತು.

ನೇತ್ರಾವತಿ ಬಿಪಿ ನೋಡ್ತಿದ್ದಾರೆ, ಅಷ್ಟರಲ್ಲಿ ಇಷ್ಟು ಗೀಚಿದೆ. ಅನ್ನ ಆರಲಿ. ಕಾಳಕ್ಕನ್ನ ಹೊರಗೆ ಕೂತ್ಕೊಳ್ರಿ ಅಂದೆ. ಹೊರಟ್ರು, ಪಾಪ. ಏಕನಾಥಮ್ಮನೇ ಕೈ ಬಿಡ್ತಿಲ್ಲ —