ಕಾಗೆಗಿಟ್ಟ ದೋಸೆಯ ಕಾಯಿಲೆ

ಮಲಾಡಿನ ಮನೋವೈದ್ಯ ಮಹಾಶಯರಿಗೆ, ಸಾಂತಾಕ್ರೂಜ್ ಹೋಟೆಲಿನ ದೋಸೆ ಚೆನ್ನಯನ ಅಡ್ಡಬಿದ್ದ ನಮಸ್ಕಾರ.

ತೀರಿಹೋದ ಹೆಂಡತಿಯ ಹೆಸರಿನಲ್ಲಿ ದಿನಾ ಮೊದಲ ದೋಸೆಯನ್ನು ಕಿಟಕಿಯಲ್ಲಿಟ್ಟು, "ಬಾ ಮಾರಾಯ್ತಿ, ಆರಿ ಹೋಗ್ತದೆ" ಎಂದು ಕಾಗೆಯನ್ನು ಕರೆಯುತ್ತೇನೆ ಎಂದೆ. ತಾವು ನಾಲ್ಕೇ ನಿಮಿಷದಲ್ಲಿ ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟು ಮೂರು ಬಗೆಯ ಮಾತ್ರೆ ಬರೆದಿರಿ. ಎಂಥ ಪಾಂಡಿತ್ಯ! ಹಾಗಾದರೆ ನಮ್ಮ ಊರಿಗೆ ಊರೇ ರೋಗಿಷ್ಟ. ಶ್ರಾದ್ಧ ಮಾಡಿಸುವ ಭಟ್ಟರು ರೋಗ ಹಬ್ಬಿಸುವವರು.

ಮಾತ್ರೆ ನುಂಗಿ ಕಾವಲಿಯ ಮುಂದೆ ನಿಂತಲ್ಲೇ ತೂಕಡಿಸಿದೆ. "ಡಾಕ್ಟ್ರು ಬರೆದು ಕೊಡುವವರೆಗೆ ಕಾವಲಿ ಮುಟ್ಬೇಡಿ ಚೆನ್ನಯಣ್ಣ" ಎಂದು ಧಣಿ ಪ್ರೀತಮ್ ನನ್ನನ್ನು ಈರುಳ್ಳಿ ಹೆಚ್ಚಲು ಕೂರಿಸಿದ್ದಾರೆ.

ನಾನು ಸರಿಯಿದ್ದೇನೆಂದು ಎರಡು ಸಾಲು ಬರೆದುಕೊಡಿ. ಈರುಳ್ಳಿಯ ಮುಂದೆ ಎಷ್ಟು ಅತ್ತರೂ ಯಾರೂ ಕಾಯಿಲೆ ಎನ್ನುವುದಿಲ್ಲ, ಅದು ಅನುಕೂಲವೇ. ಆದರೆ ಅವಳಿಗೆ ದೋಸೆ ಹೊಯ್ಯುವವರಿಲ್ಲ.

ಇಂತಿ, ತಮ್ಮ ಮೂರು ಮಾತ್ರೆಯ ರೋಗಿ,
ಚೆನ್ನಯ