ಬಾಗಿಲ ಪಕ್ಕದ ಕುರ್ಚಿ

ಫೆಬ್ರವರಿ 4, ಭಾನುವಾರ

ಅಂಗಡಿ ಗುಡಿಸಿ, ಕತ್ತರಿ ಒರೆಸಿಟ್ಟು, ಷಟರ್ ಎಳೆದು ಹೊರಟೆ. ಮತ್ತೆ ಅದೇ ಟೈರ್ ಅಂಗಡಿಯ ಮೇಲಿನ ಕೋಣೆ. ಮತ್ತೆ ನನಗೆ ಅದೇ ಬಾಗಿಲ ಪಕ್ಕದ ಮಡಿಸುವ ಕುರ್ಚಿ. ಉಳಿದವರೆಲ್ಲ ನೆಲದ ಮೇಲೆ, ದುಂಡಗೆ, ತಮ್ಮ ತಮ್ಮ ಮೆತ್ತೆಯ ಮೇಲೆ. ಹೊಸಬರು ಬೇಡವೆನಿಸಿದರೆ ಸದ್ದಿಲ್ಲದೆ ಎದ್ದು ಹೋಗಲಿ ಎಂದು ಈ ಏರ್ಪಾಟು. ಒಳ್ಳೆಯ ಮನಸ್ಸಿನದೇ. ಆದರೆ ಕುರ್ಚಿ ಕಿರ್ ಅನ್ನುತ್ತದೆ.

ಗೋಡೆಯ ಮೇಲೆ ಒಂದು ಹಾಳೆ: ಗುರು ಇಲ್ಲ. ಶುಲ್ಕ ಇಲ್ಲ. ಚಪ್ಪಲಿ ಹೊರಗೆ. ಇಷ್ಟು ಚಿಕ್ಕ ಶಾಸ್ತ್ರ ನಾನು ಬೇರೆಲ್ಲೂ ಓದಿಲ್ಲ.

ನರ್ಸಮ್ಮ ಕಂಚಿನ ಬಟ್ಟಲಿಗೆ ಕೋಲು ತಾಗಿಸುತ್ತಾರೆ. ಒಂದು ಗಂಟೆ ಮೌನ. ಮತ್ತೆ ಬಟ್ಟಲು. ಆಮೇಲೆ ಚಹಾ. ಮೌನದಲ್ಲಿ ಒಳಗೆ ಆಡುವುದನ್ನು ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ಬ್ರಹ್ಮಾಂಡದ ಎನರ್ಜಿ ಅನ್ನುತ್ತಾರೆ. ನರ್ಸಮ್ಮ ಬರೀ ಉಸಿರು ಅನ್ನುತ್ತಾರೆ. ಬಡಗಿ ಏನೂ ಅನ್ನುವುದಿಲ್ಲ. ಯಾರೂ ಯಾರೊಡನೆಯೂ ವಾದಕ್ಕಿಳಿಯುವುದಿಲ್ಲ. ನನ್ನ ಅಂಗಡಿಯಲ್ಲಾಗಿದ್ದರೆ ಇಷ್ಟಕ್ಕೇ ಒಬ್ಬರು ಅರ್ಧ ಗಡ್ಡದಲ್ಲಿ ಎದ್ದು ಹೋಗುತ್ತಿದ್ದರು.

ಫೆಬ್ರವರಿ 7

ಅಕ್ಕನ ಫೋನು.

“ಭಾನುವಾರ ಎಲ್ಲಿಗೋ ಹೋಗ್ತೀಯಂತೆ?”

“ಸುಮ್ನೆ ಕೂರೋಕೆ.”

“ನೀನು? ಸುಮ್ನೆ? ಹುಟ್ಟಿದಾಗ ಸೂಲಗಿತ್ತಿಗೇ ಎದುರು ಮಾತಾಡಿದವನು ನೀನು. ಕತ್ತರಿಗಿಂತ ನಾಲಿಗೆ ಚುರುಕು ಅಂತ ಅಪ್ಪನೇ ಅನ್ನೋರು.”

“ದುಡ್ಡು ಕೇಳಲ್ಲ ಅಕ್ಕ.”

“ಕೇಳದವರನ್ನ ಕಂಡ್ರೇ ನಂಗೆ ಭಯ.” ಆಮೇಲೆ, “ಆ ದಿಂಬು ತೆಗೆದಿಟ್ಯಾ?”

ಇಲ್ಲ ಅಂದೆ. ಮಂಚದ ಆ ಕಡೆ ಹೆಂಡತಿಯ ದಿಂಬು ಹಾಗೇ ಇದೆ. ಅವಳು ತೀರಿಹೋಗಿ ಎರಡು ವರ್ಷವಾಯಿತು. ಇಡೀ ದಿನ ಅಂಗಡಿಯಲ್ಲಿ ಮಾತಾಡಿ ಮಾತಾಡಿ ಮನೆಗೆ ಬಂದರೆ ಮೌನ ಬಾಗಿಲಲ್ಲೇ ಕಾದಿರುತ್ತದೆ, ಕಚ್ಚುವ ನಾಯಿಯ ಹಾಗೆ. ಅಲ್ಲಿ ಮೇಲಿನ ಕೋಣೆಯದೂ ಮೌನವೇ. ಆದರೆ ಅದು ಸಾಕಿದ್ದು. ಕಾಲ ಹತ್ತಿರ ಬಂದು ಮಲಗುತ್ತದೆ. ಅಕ್ಕನಿಗೆ ಇದನ್ನು ಹೇಳುವುದು ಹೇಗೆ...

ಫೆಬ್ರವರಿ 18, ಭಾನುವಾರ

ನಡುಮೌನದಲ್ಲಿ ಕೆಳಗೆ ಟೈರ್ ಢಬ್ ಅಂದಿತು. ನನ್ನ ಬಾಯಿಂದ ತಾನಾಗಿ, “ಯಾರದೋ ಗಾಳಿ ಹೋಯ್ತು.”

ಯಾರೂ ಕಣ್ಣು ತೆರೆಯಲಿಲ್ಲ. ಮೇಷ್ಟ್ರ ಭುಜ ಮಾತ್ರ ಕುಲುಕುತ್ತಿತ್ತು.

ಅಜ್ಜಿ ಹೇಳುತ್ತಿದ್ದಳು — ಕ್ಷೌರ ಮಾಡುವವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ನಿಲ್ಲಿಸಿದರೆ ಹೊಟ್ಟೆ ಊದುತ್ತದೆ ಅಂತ. ಇನ್ನು ಕುರ್ಚಿಯೂ ಸಿಗುವುದಿಲ್ಲ ಅಂದುಕೊಂಡೆ. ಚಹಾ ಕೊಡುವಾಗ ನರ್ಸಮ್ಮ, “ಮುಂದಿನ ವಾರ ಬರ್ತೀರಲ್ಲ?” ಅಂದರು. ಅಷ್ಟೇ. ದಿನಕ್ಕೆ ಹತ್ತು ಜನರ ನೋವು ನೋಡಿ ಬರುವ ಹೆಂಗಸು. ಆದರೂ ಆ ದನಿಯಲ್ಲಿ ಒಂದು ಸುಕ್ಕಿಲ್ಲ.

ಮಾರ್ಚ್ 3, ಭಾನುವಾರ

ಇವತ್ತು ಚಹಾ ಆದಮೇಲೆ ನರ್ಸಮ್ಮ ನನ್ನ ತೊಡೆಯ ಮೇಲೆ ಒಂದು ಬಟ್ಟೆ ಇಟ್ಟರು. ಖಾಲಿ ಮೆತ್ತೆಯ ಚೀಲ. ತೇಪೆ ತೇಪೆ ಹೊಲಿದದ್ದು. ಅವರ ಹಳೆಯ ಯೂನಿಫಾರ್ಮಿನ ತುಂಡು ಗುರುತು ಸಿಕ್ಕಿತು. ಮೇಷ್ಟ್ರ ಚೌಕಳಿ ಷರ್ಟು, ಬಡಗಿಯ ಪ್ಯಾಂಟಿನ ಮೊಣಕಾಲು... ಎಲ್ಲರೂ ಒಂದೊಂದು ತುಂಡು ಕೊಟ್ಟಿದ್ದಾರೆ, ಎಲ್ಲರೂ ಒಂದೊಂದು ಬದಿ ಹೊಲಿದಿದ್ದಾರೆ. ಹೊಲಿಗೆ ನೋಡಿದರೆ ಗೊತ್ತಾಗುತ್ತದೆ — ಮೇಷ್ಟ್ರದು ನದಿಯ ಹಾಗೆ ಅಂಕುಡೊಂಕಾಗಿ ಹರಿದಿದೆ.

ಇಲ್ಲಿಯ ಪದ್ಧತಿ ಅದು. ಚೀಲ ಬಳಗದ್ದು. ತುಂಬುವುದು ಕೂರುವವರದು.

“ಏನು ತುಂಬ್ಲಿ?”

“ನಿಮ್ಮದೇ ಏನಾದ್ರೂ. ಒಂದು ಬದಿ ಬಿಚ್ಚಿದೆ ನೋಡಿ. ತುಂಬಿ ತನ್ನಿ, ಇಲ್ಲೇ ಎಲ್ರೂ ಸೇರಿ ಹೊಲಿಯೋಣ. ಆಮೇಲೆ ಆ ಕುರ್ಚಿಗೆ ಬಿಡುಗಡೆ.”

ಬಡಗಿ ತಮ್ಮ ಮೆತ್ತೆ ತಟ್ಟಿ ತೋರಿಸಿದರು. ಮರದ ಹೊಟ್ಟು. ನರ್ಸಮ್ಮನದು ಬ್ಯಾಂಡೇಜಿನ ಹತ್ತಿ. ನಾನು ಬುದ್ಧಿವಂತ, ತಕ್ಷಣ ಅರ್ಥ ಮಾಡಿಕೊಂಡೆ. ಕಸುಬಿನದು ತರಬೇಕು. ನನ್ನ ಕಸುಬಿನಲ್ಲಿ ಉಳಿಯುವುದೇನು? ಅದಕ್ಕೇನು ಬರ.

ಮಾರ್ಚ್ 9, ಸಂಜೆ

ವಾರವಿಡೀ ಗುಡಿಸಿದ್ದನ್ನು ತೊಳೆದು ಒಣಗಿಸಿದೆ. ಕರಿ, ಬಿಳಿ, ಬಣ್ಣ ಹಚ್ಚಿದ ಕೆಂಪು. ಒತ್ತಿ ಒತ್ತಿ ತುಂಬಿದೆ. ಮೆತ್ತೆ ಚೆನ್ನಾಗಿ ಉಬ್ಬಿದೆ. ಅವಳಿದ್ದಿದ್ದರೆ ಮೂಗು ಮುಚ್ಚಿಕೊಂಡು, “ಇದರ ಮೇಲೆ ನೀವೊಬ್ರೇ ಕೂರಿ ಮಹರಾಯ್ರೇ” ಅನ್ನುತ್ತಿದ್ದಳು. ಕಾತರ. ನಾಳೆಯಿಂದ ನಾನೂ ನೆಲದವನು.

ಮಾರ್ಚ್ 10, ಭಾನುವಾರ

ಬರೆಯಲೇ ಬಾರದು.

ಎಲ್ಲರೂ ಸೇರಿ ಮೆತ್ತೆಯ ಬಾಯಿ ಹೊಲಿದರು. ಒಳಗೇನಿದೆ ಎಂದು ಯಾರೂ ಕೇಳಲಿಲ್ಲ, ಕೇಳುವ ಪದ್ಧತಿಯಿಲ್ಲ. ಕೂತೆ. ಬಟ್ಟಲು ಮೊಳಗಿತು. ಸ್ವಲ್ಪ ಹೊತ್ತಿಗೆ ಚುಚ್ಚಲು ಶುರು. ಮೇಷ್ಟ್ರ ನದಿ ಹೊಲಿಗೆಯಲ್ಲಿ ಬಿರುಕಿತ್ತು, ಅಲ್ಲಿಂದ ಕೂದಲು ಹೊರಟಿತು. ಫ್ಯಾನ್ ತಿರುಗುತ್ತಿತ್ತು. ಮೊದಲು ನಾನು ಕೆರೆದುಕೊಂಡೆ. ಆಮೇಲೆ ಬಡಗಿ. ಆಮೇಲೆ ಮೇಷ್ಟ್ರು ಸೀನಿದರು, ಬ್ರಹ್ಮಾಂಡ ಒಡೆದ ಹಾಗೆ. ಕಣ್ಣು ಮುಚ್ಚಿಕೊಂಡೇ ಇಡೀ ಬಳಗ ಕೆರೆಯುತ್ತಿದೆ, ಒಬ್ಬರೂ ಮಾತಾಡುವುದಿಲ್ಲ — ಬಟ್ಟಲು ಮತ್ತೆ ಮೊಳಗಿಲ್ಲವಲ್ಲ. ಕೊನೆಗೆ ನರ್ಸಮ್ಮನೇ ನಕ್ಕುಬಿಟ್ಟರು. ನಕ್ಕದ್ದಕ್ಕೆ ಕೋಲು ಕೈಜಾರಿ ಬಟ್ಟಲಿಗೆ ಬಿತ್ತು. ಎಲ್ಲರೂ ನಕ್ಕರು. ಗೊತ್ತು, ಕೆಟ್ಟ ನಗುವಲ್ಲ.

ಆದರೂ ಮೆತ್ತೆ ಕಂಕುಳಲ್ಲಿಟ್ಟುಕೊಂಡು ಇಳಿದು ಬಂದೆ. ಚಹಾಕ್ಕೆ ನಿಲ್ಲಲಿಲ್ಲ.

ಏಪ್ರಿಲ್ 2

ಅಕ್ಕನ ಫೋನು. “ಬಿಟ್ಟೆಯಾ? ಒಳ್ಳೇದಾಯ್ತು.” ಆಮೇಲೆ ಅವಳೇ, “ಯಾಕೋ ದನಿ ಹಾಗಿದೆ? ಊಟ ಮಾಡಿದ್ಯಾ?”

ಭಾನುವಾರ ಕೂರುವ ಹೊತ್ತಲ್ಲೂ ಅಂಗಡಿ ತೆರೆದಿಡುತ್ತಿದ್ದೇನೆ. ಆ ಹೊತ್ತಿಗೆ ಗಿರಾಕಿಗಳಿಲ್ಲ. ಟೈರ್ ಅಂಗಡಿಯ ಬೀದಿ ತಪ್ಪಿಸಿ ಸುತ್ತು ಹಾಕಿ ಬರುತ್ತೇನೆ.

ಏಪ್ರಿಲ್ 4, ಮಧ್ಯಾಹ್ನ

ಬಡಗಿ ಬಂದರು. ಬಂದು ಕುರ್ಚಿಯಲ್ಲಿ ಕೂತರು. ಅವರ ತಲೆ ಬೋಳು. ಉಜ್ಜಿ ಪಾಲಿಷ್ ಮಾಡಿದ ಮೇಜಿನ ಹಾಗೆ.

“ಏನ್ ಕತ್ತರಿಸ್ಲಿ ಸ್ವಾಮಿ?”

“ಏನಿದೆಯೋ ಅದು.”

ಬಟ್ಟೆ ಹೊದಿಸಿದೆ. ಕಿವಿಯ ಹಿಂದೆ ನಾಲ್ಕು ಕೂದಲು. ಗಾಳಿಯಲ್ಲೇ ಕತ್ತರಿ ಆಡಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ಈ ಅಂಗಡಿಯಲ್ಲಿ ಇಷ್ಟು ಹೊತ್ತು ಮಾತಿಲ್ಲದೆ ಕತ್ತರಿ ಓಡಿದ್ದು ಇವತ್ತೇ.

ಕಣ್ಣು ತೆರೆದು ಕನ್ನಡಿಯಲ್ಲಿ ನೋಡುತ್ತಾ ಅವರು ಅಂದರು, “ಊರವರ ತಲೆಯೆಲ್ಲ ತಂದ್ರಿ ನೀವು. ನಿಮ್ಮದು ಎಲ್ಲಿ?”

“ನಿಮ್ಮದೂ ಮರದ ಹೊಟ್ಟೇ ಅಲ್ವಾ?”

“ಅದು ಮಗಳ ತೊಟ್ಟಿಲು ಮಾಡಿದಾಗ ಉದುರಿದ್ದು. ಮಗು ಉಳೀಲಿಲ್ಲ.” ಎದ್ದು ಬಟ್ಟೆ ಕೊಡವಿದರು. “ಕುರ್ಚಿ ಮಡಿಸಿ ಇಟ್ಟಿದೀವಿ. ಬಾಗಿಲ ಹತ್ರ ಬೋಳು ಬೋಳು ಕಾಣ್ತಿದೆ. ನನ್ ತಲೆ ಹಂಗೆ.”

ದುಡ್ಡು ತಗೊಳ್ಳಲಿಲ್ಲ ನಾನು. ಹೋದಮೇಲೂ ತುಂಬ ಹೊತ್ತು ಕತ್ತರಿ ಕೈಯಲ್ಲೇ ಇತ್ತು. ಎಂಥ ಜನ. ತಮ್ಮ ನೋವನ್ನೇ ಹಾಸಿಕೊಂಡು ಅದರ ಮೇಲೆ ಕೂರುವ ಜನ. ನಾನು ಹೋಗಿ ಅಲ್ಲಿ ಕಸ ತುಂಬಿದೆ.

ಏಪ್ರಿಲ್ 6, ಶನಿವಾರ

ಅವಳ ದಿಂಬು ಬಿಚ್ಚಿದೆ.

ಬೆಳಿಗ್ಗೆಯೇ ಕತ್ತರಿ ತಗೊಂಡವನು. ದಿಂಬಿನ ಹತ್ತಿರ ಹೋಗುವುದು, ವಾಪಸ್ ಬರುವುದು. ಸಾವಿರಾರು ತಲೆ ಮುಟ್ಟಿದ ಕೈ, ಒಂದು ದಾರಕ್ಕೆ ಹೆದರಿತು. ಅಂಗಡಿಯ ಕತ್ತರಿ ಬೇಡ ಅನಿಸಿತು. ಅವಳ ಚಿಕ್ಕ ಕತ್ತರಿ ಹುಡುಕಿದೆ, ಗುಂಡಿ ಡಬ್ಬಿಯಲ್ಲಿತ್ತು.

ಹತ್ತಿ ಗಂಟು ಗಂಟಾಗಿದೆ. ಅವಳ ತಲೆಯಿಟ್ಟಲ್ಲಿ ತಗ್ಗು. ಹಿಂಜಿದೆ. ಹಿಂಜುತ್ತಾ ಮಾತಾಡಿದೆ, ಅಂಗಡಿಯದೆಲ್ಲ ಹೇಳಿದೆ, ಬಡಗಿಯ ನಾಲ್ಕು ಕೂದಲಿನ ಕಥೆಯನ್ನೂ. ಹೊಲಿಗೆಯಲ್ಲಿ ಸಿಕ್ಕಿಕೊಂಡಂತೆ ಒಂದು ಕೂದಲು. ಉದ್ದದ್ದು. ಬೆಳಕಿಗೆ ಹಿಡಿದೆ. ನನಗೆ ಯಾರ ಕೂದಲೆಂದು ಯಾರೂ ಹೇಳಬೇಕಿಲ್ಲ. ತುದಿ ಕತ್ತರಿಸಿದವನು ನಾನೇ.

ಮೆತ್ತೆಯ ಚೀಲದಿಂದ ಊರವರ ಕೂದಲು ಸುರಿದು ಈ ಹತ್ತಿ ತುಂಬಿದೆ, ಆ ಒಂದು ಕೂದಲನ್ನೂ ನಡುವೆಯೇ ಇಟ್ಟೆ. ಇದು ಚುಚ್ಚುವುದಿಲ್ಲ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಊಟ ಮಾಡಿದ್ಯಾ ಅಂದಳು. ಆಮೇಲೆ, “ಆ ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು.”

ಏಪ್ರಿಲ್ 7, ಭಾನುವಾರ

ಮೇಲಿನ ಕೋಣೆಯಲ್ಲೇ ಬರೆಯುತ್ತಿದ್ದೇನೆ. ಮೆತ್ತೆಯ ಬಾಯಿ ಹೊಲಿದಾಯಿತು. ಮೇಷ್ಟ್ರು ತಮ್ಮ ಬದಿಯನ್ನೂ ಬಿಚ್ಚಿ ಮತ್ತೆ ಹೊಲಿದರು, ಈ ಸಲ ಕಾಲುವೆಯ ಹಾಗೆ ನೆಟ್ಟಗೆ. ಏನು ತುಂಬಿದೆ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೊಟ್ಟೆಯೂ ಊದಲಿಲ್ಲ, ಅಜ್ಜಿ.

ಬಡಗಿಗೂ ನರ್ಸಮ್ಮನಿಗೂ ನಡುವೆ ಜಾಗ ಬಿಟ್ಟಿದ್ದಾರೆ. ಮೆಟ್ಟಿಲ ಮೇಲೆ ಯಾರೋ ಹೊಸಬರ ಹೆಜ್ಜೆ, ಹತ್ತಲೋ ಬೇಡವೋ ಎನ್ನುವಂಥದು. ನರ್ಸಮ್ಮ ನನ್ನ ಕಡೆ ನೋಡಿ, “ಆ ಕುರ್ಚಿ ಬಿಡಿಸಿ ಹಾಕ್ತೀರಾ? ಕಿರ್ ಅನ್ನದ ಹಾಗೆ” ಅನ್ನುತ್ತಿದ್ದಾರೆ. ಎಣ್ಣೆ ಜೇಬಲ್ಲೇ ಇದೆ, ಕತ್ತರಿಯದು. ಎದ್ದೆ —